ಜೂಲಿಯಾದಲ್ಲಿ ಲೆಕ್ಕದ ಪ್ರೋಗ್ರಾಂ: ಗಾರ್ಬೇಜ್ ಕಲೆಕ್ಟರ್ ತಿನ್ನುವ ಸಮಯ ಉಳಿಸುವುದು ಹೇಗೆ?

ಸಿಮ್ಯುಲೇಶನ್ ಬರೆದಿದ್ದೀರಿ, ಉತ್ತರವೂ ಸರಿಯಾಗಿ ಬರುತ್ತಿದೆ, ಆದರೆ ಯಾಕೋ ನಿಧಾನ. @ಟೈಮ್ ಹಾಕಿ ಓಡಿಸಿದರೆ ಒಟ್ಟು ಸಮಯದ ಪಕ್ಕದಲ್ಲಿ ಇನ್ನೂ ಮೂರು ಅಂಕಿ ಬರುತ್ತವೆ: ಎಷ್ಟು ಸಲ ಅಲೊಕೇಶನ್ (ಹೊಸ ಮೆಮೊರಿ ಕೇಳುವುದು) ಆಯಿತು, ಒಟ್ಟು ಎಷ್ಟು ಮೆಮೊರಿ ಹೋಯಿತು, ಸಮಯದಲ್ಲಿ ಶೇಕಡಾ ಎಷ್ಟನ್ನು ಜಿಸಿ, ಅಂದರೆ ಬಳಸಿ ಬಿಟ್ಟ ಮೆಮೊರಿಯನ್ನು ಕಸದಂತೆ ಗುಡಿಸಿ ವಾಪಸು ಪಡೆಯುವ ಗಾರ್ಬೇಜ್ ಕಲೆಕ್ಟರ್, ತಿಂದಿತು. ಕೊನೆಯ ಅಂಕಿ 2 ಅಥವಾ 3 ಇದ್ದರೆ ನಿಮ್ಮ ತೊಂದರೆ ಬೇರೆಲ್ಲೋ ಇದೆ. 30, 40 ಅಂತ ಇದ್ದರೆ ಮುಂದೆ ಓದಿ.

ಇಂಥ ಅಂಕಿ ನೋಡಿದ ಕೂಡಲೇ ಬಹಳ ಜನ ಜಿಸಿಯ ಸೆಟ್ಟಿಂಗ್ ಹುಡುಕಲು ಹೋಗುತ್ತಾರೆ. ಅದು ಕೊನೆಯ ಕೆಲಸ. ಲೆಕ್ಕದ ಪ್ರೋಗ್ರಾಂಗೆ ಒಂದು ದೊಡ್ಡ ಅನುಕೂಲ ಇದೆ: ಯಾವ ಅರೇ ಬೇಕು, ಅದು ಎಷ್ಟು ದೊಡ್ಡದು ಅನ್ನುವುದು ಸಾಮಾನ್ಯವಾಗಿ ಲೂಪ್ ಶುರುವಾಗುವ ಮೊದಲೇ ಗೊತ್ತಿರುತ್ತದೆ. ವೆಬ್ ಸರ್ವರ್ ಬರೆಯುವವರಿಗೆ ಈ ಭಾಗ್ಯ ಇಲ್ಲ. ಆದ್ದರಿಂದ ಮುಖ್ಯ ಲೂಪ್ ಒಳಗೆ ಕಸವೇ ಹುಟ್ಟದ ಹಾಗೆ ಕೋಡ್ ಬರೆಯಬಹುದು. ಆಗ ಜಿಸಿಗೆ ಕೆಲಸವೇ ಇರುವುದಿಲ್ಲ. ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಅದರ ಬಗ್ಗೆಯೇ.

ನಾನು ತೆಗೆದುಕೊಂಡಿರುವುದು ಜೂಲಿಯಾ ಭಾಷೆ. 2012ರಲ್ಲಿ ಹೊರಬಂದ ಈ ಭಾಷೆಯನ್ನು ಶುರು ಮಾಡಿದ ನಾಲ್ವರಲ್ಲಿ, ಆಧಾರ್ ಯೋಜನೆಯಲ್ಲೂ ಕೆಲಸ ಮಾಡಿದ ವೈರಲ್ ಶಾ ಒಬ್ಬರು. ಇದರಲ್ಲಿ ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರು ಇಡಬಹುದು. ಕೆಳಗೆ ಸಮ ಚಿಹ್ನೆ, ಚುಕ್ಕಿ, ಅಂಕಿಗಳ ಜೊತೆ ಬರೆದ ಲೆಕ್ಕದ ಸಾಲುಗಳು ಜೂಲಿಯಾದಲ್ಲಿ ಹಾಗೆ ಹಾಗೇ ಓಡುತ್ತವೆ. ಫಂಕ್ಷನ್ ಮತ್ತು ಕಮಾಂಡ್ ಹೆಸರುಗಳನ್ನು ಮಾತ್ರ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ, ಅವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು.

ಜಿಸಿಗೆ ಯಾವುದು ಭಾರ?

ಜೂಲಿಯಾದ ಜಿಸಿ ಎರಡು ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲು, ಪ್ರೋಗ್ರಾಂ ಇನ್ನೂ ಹಿಡಿದುಕೊಂಡಿರುವ ವಸ್ತುಗಳಿಂದ ಶುರು ಮಾಡಿ, ಪಾಯಿಂಟರ್ (ಇನ್ನೊಂದು ವಸ್ತು ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸ) ಹಿಡಿದು ಹೋಗುತ್ತಾ, ಜೀವಂತ ಇರುವ ಎಲ್ಲಕ್ಕೂ ಗುರುತು ಹಾಕುತ್ತದೆ. ಆಮೇಲೆ ಗುರುತು ಇಲ್ಲದ ಜಾಗವನ್ನೆಲ್ಲ ಬಿಡಿಸಿಕೊಳ್ಳುತ್ತದೆ. ಹೊಸದಾಗಿ ಹುಟ್ಟಿದ ವಸ್ತುಗಳು ಬೇಗ ಸಾಯುತ್ತವೆ ಎಂಬ ನಂಬಿಕೆಯ ಮೇಲೆ ಹೊಸದನ್ನು ಹೆಚ್ಚು ಸಲ, ಹಳೆಯದನ್ನು ಕಡಿಮೆ ಸಲ ನೋಡುತ್ತದೆ. ಗುರುತು ಹಾಕುವ ಹೊತ್ತಿಗೆ, ಪ್ರೋಗ್ರಾಂ ಒಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆಗಳಾದ ಎಲ್ಲ ಥ್ರೆಡ್‌ಗಳೂ ನಿಲ್ಲಬೇಕು.

ಇದರಿಂದ ತುಂಬ ಉಪಯೋಗದ ಒಂದು ವಿಷಯ ಸಿಗುತ್ತದೆ. ಫ್ಲೋಟ್64 (8 ಬೈಟಿನ ದಶಮಾಂಶ ಸಂಖ್ಯೆ) ಅರೇ ಒಳಗೆ ಪಾಯಿಂಟರ್ ಇರುವುದಿಲ್ಲ. ಹಾಗಾಗಿ 8 ಎಂಬಿಯ ಅರೇ ಸಿಕ್ಕರೂ ಜಿಸಿ ಅದರ ತಲೆಗೆ ಒಂದು ಗುರುತು ಹಾಕಿ ಮುಂದೆ ಹೋಗುತ್ತದೆ, ಒಳಗಿರುವ 10 ಲಕ್ಷ ಸಂಖ್ಯೆಗಳನ್ನು ಮುಟ್ಟುವುದೇ ಇಲ್ಲ. ಅದೇ 10 ಲಕ್ಷ ಸಂಖ್ಯೆಗಳು ಬೇರೆ ಬೇರೆ ವಸ್ತುಗಳಾಗಿ ಚದುರಿದ್ದರೆ ಒಂದೊಂದನ್ನೂ ಹುಡುಕಿಕೊಂಡು ಹೋಗಬೇಕು. ಅಂದರೆ ಗುರುತು ಹಾಕುವ ಖರ್ಚನ್ನು ನಿರ್ಧರಿಸುವುದು ಜೀವಂತ ಇರುವ ವಸ್ತುಗಳ ಸಂಖ್ಯೆ. ಬೈಟ್‌ಗಳ ಲೆಕ್ಕ ಬೇರೆ ಕಡೆ ಮುಖ್ಯವಾಗುತ್ತದೆ: ನೀವು ಎಷ್ಟು ಬೈಟ್ ಕೇಳುತ್ತೀರೋ ಅಷ್ಟು ಬೇಗ ಬೇಗ ಜಿಸಿ ಬರುತ್ತದೆ.

ಈ ಎರಡನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಿ. ದೊಡ್ಡ ದೊಡ್ಡ ತಾತ್ಕಾಲಿಕ ಅರೇಗಳು ಜಿಸಿಯನ್ನು ಪದೇ ಪದೇ ಕರೆಯುತ್ತವೆ. ಲಕ್ಷಾಂತರ ಸಣ್ಣ ವಸ್ತುಗಳು ಪ್ರತಿ ಸಲದ ಕೆಲಸವನ್ನು ಉದ್ದ ಮಾಡುತ್ತವೆ. ಎರಡಕ್ಕೂ ಔಷಧ ಬೇರೆ.

ಹಂತ 1: ಸರಿಯಾಗಿ ಅಳೆಯಿರಿ

ಲೆಕ್ಕವನ್ನೆಲ್ಲ ಒಂದು ಫಂಕ್ಷನ್ ಒಳಗೆ ಹಾಕಿ. ಅದನ್ನು ಒಮ್ಮೆ ಸುಮ್ನೆ ಓಡಿಸಿ, ಎರಡನೇ ಸಲ ಅಳೆಯಿರಿ. ಮೊದಲ ಸಲದ ಅಂಕಿಯಲ್ಲಿ ಕಂಪೈಲ್ ಮಾಡಿದ ಸಮಯ ಮತ್ತು ಮೆಮೊರಿ ಸೇರಿರುತ್ತದೆ. ಸಣ್ಣ ಫಂಕ್ಷನ್ ಅಳೆಯಲು ಬೆಂಚ್‌ಮಾರ್ಕ್‌ಟೂಲ್ಸ್ ಪ್ಯಾಕೇಜಿನ @ಬಿಟೈಮ್ ಒಳ್ಳೆಯದು. ಅದಕ್ಕೆ ಹೊರಗಿನ ವೇರಿಯಬಲ್ ಕೊಡುವಾಗ ಹೆಸರಿನ ಮುಂದೆ $ ಹಾಕಲು ಮರೆಯಬೇಡಿ. ಹಾಕದಿದ್ದರೆ ಗ್ಲೋಬಲ್ ವೇರಿಯಬಲ್ ಓದಿದ ಖರ್ಚೂ ಸೇರಿ, ನಿಮ್ಮ ಕೋಡ್ ಮಾಡದ ಅಲೊಕೇಶನ್ ಕೂಡ ತೋರಿಸುತ್ತದೆ.

ಪ್ರೋಗ್ರಾಂ ಓಡುತ್ತಿರುವಾಗಲೇ ಜಿಸಿ ಯಾವಾಗ ಬಂತು, ಎಷ್ಟು ಹೊತ್ತು ನಿಲ್ಲಿಸಿತು ಎಂದು ನೋಡಬೇಕಾದರೆ ಜಿಸಿ.ಎನೇಬಲ್_ಲಾಗಿಂಗ್(ಟ್ರೂ) ಎಂದು ಕೊಡಿ. ಪ್ರತಿ ಸಲಕ್ಕೂ ಒಂದು ಸಾಲು ಮುದ್ರಿಸುತ್ತದೆ. ಇದು ಜೂಲಿಯಾದ 1.8 ಆವೃತ್ತಿಯಿಂದ ಇದೆ.

ಹಂತ 2: ಕಸ ಹುಟ್ಟುವ ಸಾಲು ಹುಡುಕಿ

ಊಹೆ ಮಾಡಲು ಹೋಗಬೇಡಿ, ಸಾಧನಗಳು ಚೆನ್ನಾಗಿವೆ. ಜೂಲಿಯಾವನ್ನು --ಟ್ರ್ಯಾಕ್-ಅಲೊಕೇಶನ್=ಯೂಸರ್ ಎಂದು ಶುರು ಮಾಡಿದರೆ, ಮುಗಿದ ಮೇಲೆ ನಿಮ್ಮ ಪ್ರತಿ ಫೈಲಿನ ಪಕ್ಕ .ಮೆಮ್ ಎಂಬ ಫೈಲ್ ಸಿಗುತ್ತದೆ. ಅದರಲ್ಲಿ ಪ್ರತಿ ಸಾಲಿನ ಎಡಕ್ಕೆ ಆ ಸಾಲು ಎಷ್ಟು ಬೈಟ್ ಕೇಳಿತು ಎಂದು ಇರುತ್ತದೆ. ಇಲ್ಲೂ ಒಮ್ಮೆ ಓಡಿಸಿ, ಪ್ರೊಫೈಲ್.ಕ್ಲಿಯರ್_ಮ್ಯಾಲಾಕ್_ಡೇಟಾ() ಕರೆದು, ಮತ್ತೆ ಓಡಿಸಬೇಕು. ಇಲ್ಲವಾದರೆ ಕಂಪೈಲರಿನ ಅಂಕಿಗಳು ನಿಮ್ಮದರ ಜೊತೆ ಕಲಸಿಹೋಗುತ್ತವೆ.

1.8ರಿಂದ ಪ್ರೊಫೈಲ್.ಅಲಾಕ್ಸ್ ಎಂಬುದೂ ಇದೆ. ಯಾವ ಜಾತಿಯ ವಸ್ತು ಎಲ್ಲಿ ಹುಟ್ಟಿತು ಎಂದು ಅದು ಹೇಳುತ್ತದೆ. ವಿಎಸ್ ಕೋಡ್ ಬಳಸುವವರು @ಪ್ರೊಫ್‌ವ್ಯೂ_ಅಲಾಕ್ಸ್ ಕೊಟ್ಟರೆ ಚಿತ್ರವಾಗಿಯೇ ಕಾಣಿಸುತ್ತದೆ. ದೊಡ್ಡ ಪ್ರೋಗ್ರಾಂಗೆ ನಾನು ಇದನ್ನೇ ಹೇಳುತ್ತೇನೆ. ಅಲ್ಲಿ ಫ್ಲೋಟ್64 ಎಂಬ ಒಂಟಿ ಸಂಖ್ಯೆಯೇ ಲಕ್ಷಗಟ್ಟಲೆ ಸಲ ಹುಟ್ಟುತ್ತಿದ್ದರೆ ಮುಂದಿನ ಹಂತಕ್ಕೆ ಹೋಗಿ. ಅರೇಗಳು ಹುಟ್ಟುತ್ತಿದ್ದರೆ ನೇರವಾಗಿ ನಾಲ್ಕಕ್ಕೆ.

ಹಂತ 3: ಟೈಪ್ ಸರಿ ಮಾಡಿ

ಒಂಟಿ ಸಂಖ್ಯೆಗೆ ಮೆಮೊರಿ ಕೇಳಬೇಕಾಗಿಯೇ ಇಲ್ಲ, ಅದು ಪ್ರೊಸೆಸರಿನ ಒಳಗೇ ಇರುವ ರಿಜಿಸ್ಟರಿನಲ್ಲಿ ಇರಬೇಕಾದದ್ದು. ಅದು ಜಿಸಿ ನೋಡಿಕೊಳ್ಳುವ ಮೆಮೊರಿಯಾದ ಹೀಪ್‌ಗೆ ಹೋಗಿದೆ ಅಂದರೆ ಕಂಪೈಲರಿಗೆ ಅದರ ಟೈಪ್ ಗೊತ್ತಾಗಿಲ್ಲ ಎಂದರ್ಥ. ಆಗ ಅದು ಸಂಖ್ಯೆಯ ಮೇಲೆ ಟೈಪಿನ ಚೀಟಿ ಅಂಟಿಸಿ ಡಬ್ಬಿಯಲ್ಲಿ ಇಡುತ್ತದೆ. 8 ಬೈಟಿನ ಫ್ಲೋಟ್ 16 ಬೈಟ್ ಆಗುತ್ತದೆ, ಅದನ್ನು ತೋರಿಸುವ ಪಾಯಿಂಟರ್ ಇನ್ನೊಂದು 8.

ಸಾಮಾನ್ಯವಾಗಿ ಇದು ಬರುವುದು ನಾಲ್ಕು ಕಡೆಯಿಂದ. ಬರೀ [] ಎಂದು ಖಾಲಿ ಅರೇ ಮಾಡಿದರೆ ಅದು ಏನು ಬೇಕಾದರೂ ಹಿಡಿಸುವ ಎನಿ ಟೈಪಿನದಾಗುತ್ತದೆ. ಅದಕ್ಕೆ 10 ಲಕ್ಷ ಸಂಖ್ಯೆ ತುಂಬಿದರೆ 8 ಎಂಬಿ ಬದಲು 24 ಎಂಬಿ, ಮೇಲೆ 10 ಲಕ್ಷ ಬಿಡಿ ವಸ್ತುಗಳು. ಆವರಣದ ಮುಂದೆ ಫ್ಲೋಟ್64 ಎಂದು ಬರೆದರೆ ಸಾಕು, ಮುಗಿಯಿತು. ಎರಡನೆಯದು, ಕಾನ್ಸ್ಟ್ ಹಾಕದ ಗ್ಲೋಬಲ್ ವೇರಿಯಬಲ್. ಅದನ್ನು ಫಂಕ್ಷನ್‌ಗೆ ಆರ್ಗ್ಯುಮೆಂಟ್ ಆಗಿ ಕೊಡಿ. ಮೂರನೆಯದು ಸ್ಟ್ರಕ್ಟ್ ಒಳಗೆ ರಿಯಲ್, ನಂಬರ್, ಅಬ್‌ಸ್ಟ್ರಾಕ್ಟ್‌ವೆಕ್ಟರ್ ಅಂತ ಅಸ್ಪಷ್ಟ ಟೈಪ್ ಬರೆಯುವುದು. ಅಲ್ಲಿ ಟೈಪ್ ಪ್ಯಾರಾಮೀಟರ್ ಬಳಸಿ. ನಾಲ್ಕನೆಯದು ಕಣ್ಣಿಗೆ ಬೀಳುವುದು ಕಷ್ಟ: ಒಳಗಿನ ಅನಾಮಿಕ ಫಂಕ್ಷನ್ ಹೊರಗಿನ ಒಂದು ವೇರಿಯಬಲ್ ಹಿಡಿದುಕೊಂಡಿರುತ್ತದೆ, ಆ ವೇರಿಯಬಲ್‌ಗೆ ನೀವು ಮತ್ತೆ ಬೇರೆ ಬೆಲೆ ಕೊಡುತ್ತೀರಿ. ಆಗಲೂ ಅದು ಡಬ್ಬಿಗೆ ಹೋಗುತ್ತದೆ.

@ಕೋಡ್_ವಾರ್ನ್‌ಟೈಪ್ ಹಾಕಿ ನೋಡಿ. ಕೆಂಪಗೆ ಕಂಡದ್ದೆಲ್ಲ ಕಂಪೈಲರಿಗೆ ಗೊತ್ತಾಗದ ಜಾಗ. ಒಂಟಿ ಸಂಖ್ಯೆಗಳು ಹುಟ್ಟುತ್ತಿದ್ದರೆ ಈ ಹಂತವನ್ನು ಹಾರಿಸಬೇಡಿ. ಟೈಪ್ ತಪ್ಪಿದ್ದಾಗ ಮುಂದಿನ ಉಪಾಯಗಳು ಅರ್ಧದಷ್ಟೂ ಕೆಲಸ ಮಾಡುವುದಿಲ್ಲ.

ಹಂತ 4: ಚುಕ್ಕಿ ಹಾಕಿ

ಎ ಮತ್ತು ಬಿ ತಲಾ 10 ಲಕ್ಷ ಸಂಖ್ಯೆಗಳ ಅರೇ ಎಂದುಕೊಳ್ಳಿ. ಒಂದೊಂದೂ 8 ಎಂಬಿ.

ಹೊಸ = 2 * ಎ + 3 * ಬಿ

ಇಲ್ಲಿ ಮೂರು ಅರೇ ಹುಟ್ಟುತ್ತವೆ: ಎರಡು ಗುಣಾಕಾರಕ್ಕೆ ಎರಡು, ಮೊತ್ತಕ್ಕೆ ಒಂದು. ಒಟ್ಟು 24 ಎಂಬಿ, ಅದರಲ್ಲಿ 16 ತಕ್ಷಣವೇ ಕಸ.

ಹೊಸ = 2 .* ಎ .+ 3 .* ಬಿ

ಚುಕ್ಕಿ ಹಾಕಿದ ಕೂಡಲೇ ಜೂಲಿಯಾ ಇಡೀ ಸಾಲನ್ನು ಒಂದೇ ಲೂಪ್ ಮಾಡಿಬಿಡುತ್ತದೆ. ಈಗ ಹುಟ್ಟುವುದು ಒಂದೇ ಅರೇ.

ಹೊಸ .= 2 .* ಎ .+ 3 .* ಬಿ

ಸಮ ಚಿಹ್ನೆಗೂ ಚುಕ್ಕಿ ಬಂತು. ಈಗ ಮೊದಲೇ ಇರುವ ಅರೇಗೆ ಉತ್ತರ ಬರೆಯುತ್ತದೆ, ಹೊಸದೇನೂ ಹುಟ್ಟುವುದಿಲ್ಲ. ನಡುವೆ ಒಂದು ಚುಕ್ಕಿ ಬಿಟ್ಟುಹೋದರೂ ಸರಪಳಿ ಅಲ್ಲೇ ತುಂಡಾಗಿ ತಾತ್ಕಾಲಿಕ ಅರೇ ಬರುತ್ತದೆ. ಉದ್ದದ ಸೂತ್ರಗಳಲ್ಲಿ ಇದು ತುಂಬ ಸುಲಭವಾಗಿ ಆಗುತ್ತದೆ, ಅಲ್ವಾ? ಸಾಲಿನ ಮುಂದೆ @. ಹಾಕಿದರೆ ಎಲ್ಲ ಕಡೆಗೂ ಚುಕ್ಕಿ ತಾನೇ ಸೇರುತ್ತದೆ.

ಮೊತ್ತ ಬೇಕಾದಾಗಲೂ ಇದೇ ಎಚ್ಚರ. ವರ್ಗಗಳ ಮೊತ್ತಕ್ಕೆ ಸಮ್(ಎ .^ 2) ಬರೆದರೆ ಮೊದಲು ವರ್ಗಗಳ ಅರೇ ಹುಟ್ಟುತ್ತದೆ. ಸಮ್(ಎಬಿಎಸ್2, ಎ) ಎಂದರೆ ಹುಟ್ಟುವುದಿಲ್ಲ.

ಹಂತ 5: ಬಫರ್ ಒಮ್ಮೆ ಮಾಡಿ, ಕೊನೆಯ ತನಕ ಬಳಸಿ

ಇದೇ ಈ ಮಾರ್ಗದರ್ಶಿಯ ಹೃದಯ. ಬಫರ್ ಅಂದರೆ ಉತ್ತರ ಬರೆಯಲು ಮೊದಲೇ ಮಾಡಿಟ್ಟ ಅರೇ. ಒಂದು ನಿಜವಾದ ಲೆಕ್ಕ ತೆಗೆದುಕೊಳ್ಳೋಣ: ಲೋಹದ ತಗಡಿನ ಮೇಲೆ ಶಾಖ ಹರಡುವುದು. 1000 ಅಡ್ಡ 1000 ಚೌಕ, ಪ್ರತಿ ಚೌಕಕ್ಕೂ ಒಂದು ಉಷ್ಣತೆ, ಒಟ್ಟು 8 ಎಂಬಿ. ಪ್ರತಿ ಹೆಜ್ಜೆಯಲ್ಲೂ ಒಂದು ಚೌಕದ ಹೊಸ ಉಷ್ಣತೆ ತನ್ನ ನಾಲ್ಕು ನೆರೆಯವರಿಂದ ಬರುತ್ತದೆ. ಇಂಥ 10,000 ಹೆಜ್ಜೆ ಬೇಕು.

ಮ್ಯಾಟ್ರಿಕ್ಸ್ ಶೈಲಿಯಲ್ಲಿ ಬರೆದರೆ ಮೇಲಿನ ತುಂಡು, ಕೆಳಗಿನ ತುಂಡು, ಎಡ, ಬಲ, ನಡು ಎಂದು ಸ್ಲೈಸ್ ತೆಗೆದು ಕೂಡಿಸುತ್ತೀರಿ. ಜೂಲಿಯಾದಲ್ಲಿ ಪ್ರತಿ ಸ್ಲೈಸ್ ಒಂದು ನಕಲು. ಚುಕ್ಕಿ ಇಲ್ಲದ ಗುಣಾಕಾರ, ಸಂಕಲನಕ್ಕೆಲ್ಲ ಮತ್ತೆ ಅರೇ. ಎಣಿಸಿದರೆ ಪ್ರತಿ ಹೆಜ್ಜೆಗೆ ಹತ್ತಕ್ಕಿಂತ ಹೆಚ್ಚು ಅರೇ, 80 ಎಂಬಿಗೂ ಜಾಸ್ತಿ. 10,000 ಹೆಜ್ಜೆ ಮುಗಿಯುವ ಹೊತ್ತಿಗೆ 800 ಜಿಬಿಗೂ ಮೀರಿ ಮೆಮೊರಿ ಕೇಳಿ, ಎಸೆದಿರುತ್ತೀರಿ. ನಿಜವಾಗಿ ಬೇಕಾಗಿದ್ದು ಎಷ್ಟು? 16 ಎಂಬಿ.

ಪ್ರತಿ ಪಂಕ್ತಿಗೂ ಹೊಸ ಎಲೆ ಹಾಕುವುದಕ್ಕೂ, ಎರಡು ಸ್ಟೀಲ್ ತಟ್ಟೆ ಇಟ್ಟುಕೊಂಡು ಒಂದರಲ್ಲಿ ಬಡಿಸಿ ಇನ್ನೊಂದನ್ನು ತೊಳೆಯುವುದಕ್ಕೂ ಇರುವ ವ್ಯತ್ಯಾಸ ಇದು. ಲೂಪ್ ಶುರುವಾಗುವ ಮೊದಲು ಹಳೆ, ಹೊಸ ಎಂದು ಎರಡು ಅರೇ ಮಾಡಿ. ಒಳಗಿನ ಸಾಲು ಇಷ್ಟು (ಐ, ಜೆ ಚೌಕದ ಜಾಗ ಹೇಳುತ್ತವೆ, ಕೆ ಅಂದರೆ ಶಾಖ ಎಷ್ಟು ಬೇಗ ಹರಡುತ್ತದೆ ಎಂಬ ಸ್ಥಿರ ಸಂಖ್ಯೆ):

ಹೊಸ[ಐ, ಜೆ] = ಹಳೆ[ಐ, ಜೆ] + ಕೆ * (ಹಳೆ[ಐ-1, ಜೆ] + ಹಳೆ[ಐ+1, ಜೆ] + ಹಳೆ[ಐ, ಜೆ-1] + ಹಳೆ[ಐ, ಜೆ+1] - 4 * ಹಳೆ[ಐ, ಜೆ])

ಒಂದು ಹೆಜ್ಜೆ ಮುಗಿದ ಮೇಲೆ:

ಹಳೆ, ಹೊಸ = ಹೊಸ, ಹಳೆ

ಇಲ್ಲಿ ಒಂದೇ ಒಂದು ಸಂಖ್ಯೆಯೂ ನಕಲಾಗುವುದಿಲ್ಲ, ಎರಡು ಹೆಸರುಗಳು ಜಾಗ ಬದಲಿಸಿದವು ಅಷ್ಟೇ. ಜೂಲಿಯಾದಲ್ಲಿ ಲೂಪ್ ಬರೆದರೆ ನಿಧಾನ ಎಂಬ ಭಯ ಬೇಡ, ಅದು ಮಷೀನ್ ಕೋಡ್ ಆಗಿಯೇ ಓಡುತ್ತದೆ.

ಮೂರು ಸೂಕ್ಷ್ಮ ಇವೆ. ಜೂಲಿಯಾ ಅರೇಗಳು ಮೆಮೊರಿಯಲ್ಲಿ ಕಂಬಸಾಲಾಗಿ ಕೂರುತ್ತವೆ, ಆದ್ದರಿಂದ ಐ ಒಳಗಿನ ಲೂಪ್ ಆಗಿರಬೇಕು, ಜೆ ಹೊರಗಿನದು. ಎರಡನೆಯದಾಗಿ, ಅಂಚಿನ ಚೌಕಗಳಿಗೆ ಲೂಪ್ ಹೋಗುವುದಿಲ್ಲ. ಹಾಗಾಗಿ ಅಂಚಿನ ಉಷ್ಣತೆಯನ್ನು ಶುರುವಿನಲ್ಲೇ ಎರಡೂ ಅರೇಗೆ ತುಂಬಿ. ಒಂದಕ್ಕೆ ಮಾತ್ರ ತುಂಬಿದರೆ ಹೆಜ್ಜೆ ಬಿಟ್ಟು ಹೆಜ್ಜೆಗೆ ಅಂಚು ಸೊನ್ನೆಯಾಗುತ್ತದೆ, ಉತ್ತರ ತಪ್ಪಾಗುತ್ತದೆ, ಆದರೆ ಎರರ್ ಮಾತ್ರ ಬರುವುದಿಲ್ಲ. ಮೂರನೆಯದಾಗಿ, ಕೊನೆಯ ಅದಲುಬದಲಿನ ನಂತರ ಉತ್ತರ ಇರುವುದು ಹಳೆ ಎಂಬ ಹೆಸರಿನಲ್ಲಿ. ಅದನ್ನೇ ಹಿಂದಿರುಗಿಸಿ.

ಮ್ಯಾಟ್ರಿಕ್ಸ್ ಗುಣಾಕಾರಕ್ಕೂ ಇದೇ ನೀತಿ. ಲೀನಿಯರ್‌ಆಲ್ಜಿಬ್ರಾದಲ್ಲಿ ಹೆಸರಿನ ಕೊನೆಗೆ ಆಶ್ಚರ್ಯ ಚಿಹ್ನೆ ಇರುವ ಫಂಕ್ಷನ್‌ಗಳಿವೆ. ಮಲ್!(ಸಿ, ಎ, ಬಿ) ಗುಣಲಬ್ಧವನ್ನು ಸಿ ಒಳಗೇ ಬರೆಯುತ್ತದೆ. ಎಲ್‌ಡಿವ್! ಸಮೀಕರಣ ಬಿಡಿಸಿ ಉತ್ತರವನ್ನು ನೀವು ಕೊಟ್ಟ ಅರೇಗೆ ಹಾಕುತ್ತದೆ. ಡಿಫರೆನ್ಶಿಯಲ್‌ಈಕ್ವೇಶನ್ಸ್ ಪ್ಯಾಕೇಜ್ ಬಳಸುವವರು, ವ್ಯವಸ್ಥೆ ದೊಡ್ಡದಾಗಿದ್ದರೆ, ಉತ್ತರವನ್ನು ಹಿಂದಿರುಗಿಸುವ ಫಂಕ್ಷನ್ ಬದಲು ಮೊದಲ ಆರ್ಗ್ಯುಮೆಂಟಿಗೆ ಬರೆಯುವ ಫಂಕ್ಷನ್ ಕೊಡಿ. ಬರೀ ಇದರಿಂದಲೇ ಎಷ್ಟೋ ಸಲ ಜಿಸಿಯ ಕಾಟ ತೀರುತ್ತದೆ.

ಹಂತ 6: ಸ್ಲೈಸ್ ಬದಲು ವ್ಯೂ

ಕಂಬಸಾಲೊಂದನ್ನು ಓದಲು ನಕಲು ಯಾಕೆ? @ವ್ಯೂ ಹಾಕಿದರೆ ಮೂಲ ಅರೇಯ ಮೇಲೆಯೇ ಒಂದು ಕಿಟಕಿ ಸಿಗುತ್ತದೆ. ಫಂಕ್ಷನ್ ಮುಂದೆ @ವ್ಯೂಸ್ ಹಾಕಿದರೆ ಒಳಗಿನ ಎಲ್ಲ ಸ್ಲೈಸ್‌ಗಳೂ ಹಾಗೇ ಆಗುತ್ತವೆ. ಒಂದು ಅಪವಾದ ಇದೆ: ಅಲ್ಲಲ್ಲಿ ಚದುರಿದ ಸಾಲುಗಳನ್ನು ಆರಿಸಿ ಅದರ ಮೇಲೆ ಮತ್ತೆ ಮತ್ತೆ ಲೆಕ್ಕ ಮಾಡುವಾಗ ಒಮ್ಮೆ ನಕಲು ಮಾಡಿಕೊಳ್ಳುವುದೇ ವೇಗ. ಆಗಲೂ ಆ ನಕಲನ್ನು ಮೊದಲೇ ಮಾಡಿಟ್ಟ ಬಫರಿಗೆ ತುಂಬಿ.

ಹಂತ 7: ಪುಟ್ಟ ವೆಕ್ಟರ್‌ಗಳನ್ನು ಅರೇ ಮಾಡಬೇಡಿ

ಕಣಗಳ ಸಿಮ್ಯುಲೇಶನ್‌ನಲ್ಲಿ ಪ್ರತಿ ಕಣಕ್ಕೂ ಮೂರು ಸಂಖ್ಯೆಯ ಸ್ಥಾನ ಇರುತ್ತದೆ. ಅದನ್ನು ಮಾಮೂಲಿ ವೆಕ್ಟರ್ ಆಗಿ ಇಟ್ಟರೆ 24 ಬೈಟಿನ ಮಾಹಿತಿಗೆ ಸುಮಾರು 80 ಬೈಟ್ ಹೋಗುತ್ತದೆ. ಒಂದು ಲಕ್ಷ ಕಣ ಇದ್ದರೆ ಜಿಸಿ ಪ್ರತಿ ಪೂರ್ತಿ ಸುತ್ತಿನಲ್ಲೂ ಕನಿಷ್ಠ ಒಂದು ಲಕ್ಷ ವಸ್ತುಗಳ ಬಾಗಿಲು ತಟ್ಟಬೇಕು. ಮೇಲೆ ಸ್ಥಾನ + ಕಾಲ * ವೇಗ ಎಂದು ಬರೆದಾಗ ಪ್ರತಿ ಕಣಕ್ಕೆ ಇನ್ನೆರಡು ಹೊಸ ವೆಕ್ಟರ್.

ಸ್ಟ್ಯಾಟಿಕ್‌ಅರೇಸ್ ಪ್ಯಾಕೇಜಿನ ಎಸ್‌ವೆಕ್ಟರ್ ಬಳಸಿ. ಅದರ ಉದ್ದ ಟೈಪಿನಲ್ಲೇ ಇರುವುದರಿಂದ ಕಂಪೈಲರ್ ಅದನ್ನು ಮೂರು ಬಿಡಿ ಸಂಖ್ಯೆಗಳಂತೆ ನೋಡುತ್ತದೆ. ಒಂದು ಲಕ್ಷ ಎಸ್‌ವೆಕ್ಟರ್‌ಗಳ ಅರೇ ಅಂದರೆ ಒತ್ತಾಗಿ ಕೂತ 2.4 ಎಂಬಿ, ಒಳಗೆ ಪಾಯಿಂಟರ್ ಒಂದೂ ಇಲ್ಲ. ಕೂಡಿಸುವುದು, ಗುಣಿಸುವುದು ಎಲ್ಲ ಮೊದಲಿನ ಹಾಗೇ ಬರೆಯಬಹುದು, ಸೂತ್ರ ಚೆಂದವಾಗಿ ಉಳಿಯುತ್ತದೆ. ನನಗೆ ಜೂಲಿಯಾದಲ್ಲಿ ತುಂಬ ಇಷ್ಟವಾದ ಸಂಗತಿಗಳಲ್ಲಿ ಇದೂ ಒಂದು. ಆದರೆ 100 ಸಂಖ್ಯೆ ದಾಟಿದ ಮೇಲೆ ಬೇಡ, ಕಂಪೈಲ್ ಸಮಯ ಏರುತ್ತದೆ, ಲಾಭ ಇಳಿಯುತ್ತದೆ.

ಬೇರೆ ಭಾಷೆಗಳಲ್ಲೂ ಇದೇ ಕಥೆ. ಜಾವಾದಲ್ಲಿ ಡಬಲ್ ಸಂಖ್ಯೆಗಳ ಅರೇಲಿಸ್ಟ್ ಬದಲು ಸಾದಾ ಡಬಲ್ ಅರೇ ಬಳಸುವುದು, ಪೈಥಾನ್‌ನಲ್ಲಿ ಲಿಸ್ಟ್ ಬದಲು ನಂಪೈ ಅರೇ ಬಳಸಿ ಔಟ್= ಎಂದು ಉತ್ತರದ ಜಾಗ ಕೊಡುವುದು ಇದೇ ಕಾರಣಕ್ಕೆ.

ಹಂತ 8: ಥ್ರೆಡ್ ಇದ್ದರೆ ಇನ್ನಷ್ಟು ಎಚ್ಚರ

16 ಥ್ರೆಡ್ ಹಾಕಿದರೂ ವೇಗ ಅಷ್ಟಾಗಿ ಏರುತ್ತಿಲ್ಲ ಅಂದರೆ ಮೊದಲು ಜಿಸಿ ಮೇಲೆ ಅನುಮಾನ ಪಡಿ. ಒಂದು ಥ್ರೆಡ್‌ನಿಂದ ಜಿಸಿ ಶುರುವಾದರೆ ಉಳಿದ 15 ಕೂಡ ನಿಲ್ಲಬೇಕು. ಎಲ್ಲೆಂದರಲ್ಲಿ ನಿಲ್ಲುವ ಹಾಗೂ ಇಲ್ಲ, ಸೇಫ್‌ಪಾಯಿಂಟ್ ಎಂಬ ಜಾಗದಲ್ಲೇ ನಿಲ್ಲಬೇಕು. ಮೆಮೊರಿ ಕೇಳುವ ಜಾಗ ಅಂಥದ್ದೊಂದು. ಈಗ ಒಂದು ಥ್ರೆಡ್ ಅಲೊಕೇಶನ್ ಇಲ್ಲದ ಉದ್ದ ಲೂಪ್ ಒಳಗೆ ಇದೆ ಎಂದುಕೊಳ್ಳಿ. ಅದು ಸೇಫ್‌ಪಾಯಿಂಟ್‌ಗೆ ಬರುವ ತನಕ ಮಿಕ್ಕವರೆಲ್ಲ ಕೈಕಟ್ಟಿ ಕಾಯುತ್ತಾರೆ. ಚೆನ್ನಾಗಿ ಬರೆದ ಲೂಪ್ ಒಂದು, ಕಸ ಮಾಡುವ ಲೂಪ್ ಇನ್ನೊಂದು ಜೊತೆಗೆ ಓಡಿದಾಗ ಇದು ಆಗುತ್ತದೆ. ಕಸ ಮಾಡುವ ಲೂಪನ್ನೂ ಸರಿ ಮಾಡಿ. ಆಗದಿದ್ದರೆ ಉದ್ದ ಲೂಪಿನ ಹೊರ ಸುತ್ತಿನಲ್ಲಿ ಜಿಸಿ.ಸೇಫ್‌ಪಾಯಿಂಟ್() ಒಂದನ್ನು ಹಾಕಿ.

ಬಫರ್ ವಿಷಯದಲ್ಲೂ ಎಚ್ಚರ. ಥ್ರೆಡ್ ಐಡಿ ನೋಡಿ ಬಫರ್ ಆರಿಸುವ ಹಳೇ ಪದ್ಧತಿ ಈಗ ಸುರಕ್ಷಿತವಲ್ಲ, ಏಕೆಂದರೆ ಒಂದು ಟಾಸ್ಕ್ (ಥ್ರೆಡ್ ಮೇಲೆ ಓಡುವ ಕೆಲಸದ ತುಂಡು) ನಡುವೆಯೇ ಇನ್ನೊಂದು ಥ್ರೆಡ್‌ಗೆ ಹೋಗಬಹುದು. ಕೆಲಸವನ್ನು ಮೊದಲೇ ತುಂಡು ಮಾಡಿ, ತುಂಡಿಗೊಂದು ಬಫರ್ ಕೊಡಿ. ಕೆಲಸಗಳ ನಡುವೆ ಸಂಬಂಧವೇ ಇಲ್ಲದಿದ್ದರೆ ಥ್ರೆಡ್ ಬದಲು ಬೇರೆ ಪ್ರೊಸೆಸ್‌ಗಳನ್ನೇ ಓಡಿಸಬಹುದು, ಪ್ರತಿಯೊಂದಕ್ಕೂ ತನ್ನದೇ ಹೀಪ್ ಇರುವುದರಿಂದ ಯಾರಿಗಾಗಿ ಯಾರೂ ಕಾಯುವುದಿಲ್ಲ.

ಹಂತ 9: ಈಗ ಸೆಟ್ಟಿಂಗ್

1.10ರಿಂದ --ಜಿಸಿಥ್ರೆಡ್ಸ್ ಇದೆ, ಗುರುತು ಹಾಕುವ ಕೆಲಸವನ್ನು ಹಲವು ಥ್ರೆಡ್ ಹಂಚಿಕೊಳ್ಳುತ್ತವೆ. ಗ್ರಾಫ್, ಮರದಂಥ ಪಾಯಿಂಟರ್ ತುಂಬಿದ ರಚನೆ ಬೇಕೇ ಬೇಕಾದವರಿಗೆ ಇದು ವರ. 1.9ರಿಂದ --ಹೀಪ್-ಸೈಜ್-ಹಿಂಟ್ ಇದೆ. ಕ್ಲಸ್ಟರ್‌ನಲ್ಲೋ ಕಂಟೇನರ್‌ನಲ್ಲೋ ನಿಮಗೆ ಸಿಕ್ಕಿದ್ದು 4 ಜಿಬಿ ಮಾತ್ರವಾದರೆ, ಅದಕ್ಕಿಂತ ಸ್ವಲ್ಪ ಕಡಿಮೆ ಕೊಡಿ. ಮಿತಿ ಹತ್ತಿರವಾದಾಗ ಜಿಸಿ ಚುರುಕಾಗುತ್ತದೆ, ಪ್ರೋಗ್ರಾಂ ಕೊಲ್ಲಲ್ಪಡುವ ಸಾಧ್ಯತೆ ಕಮ್ಮಿ.

ಜಿಸಿ.ಎನೇಬಲ್(ಫಾಲ್ಸ್) ಕೊಟ್ಟು ಜಿಸಿಯನ್ನೇ ನಿಲ್ಲಿಸಬಹುದು. ಚಿಕ್ಕದಾದ, ಎಷ್ಟು ಮೆಮೊರಿ ಕೇಳುತ್ತದೆ ಎಂದು ಖಚಿತವಾಗಿ ಗೊತ್ತಿರುವ ಭಾಗಕ್ಕೆ ಮಾತ್ರ ಮಾಡಿ, ನಡುವೆ ಎರರ್ ಬಂದರೂ ಮತ್ತೆ ಚಾಲೂ ಆಗುವ ಹಾಗೆ ಫೈನಲಿ ಒಳಗೆ ಟ್ರೂ ಬರೆಯಿರಿ. ಲೂಪ್ ಒಳಗೆ ಜಿಸಿ.ಜಿಸಿ() ಕರೆಯುವುದನ್ನು ಮಾತ್ರ ಎಲ್ಲಿ ಕಂಡರೂ ತೆಗೆಯಿರಿ. ಅದು ಪ್ರತಿ ಸಲವೂ ಪೂರ್ತಿ ಸುತ್ತು ಹೊಡೆಸುತ್ತದೆ. ಒಂದು ದೊಡ್ಡ ಘಟ್ಟ ಮುಗಿದು, ದೊಡ್ಡ ಅರೇಗಳನ್ನು ಬಿಟ್ಟ ಮೇಲೆ ಒಮ್ಮೆ ಕರೆದರೆ ಸಾಕು.

ಹಂತ 10: ಟೆಸ್ಟ್ ಬರೆದಿಡಿ

ಇಷ್ಟೆಲ್ಲ ಮಾಡಿದ ಮೇಲೆ ಇನ್ನಾರೋ ಬಂದು ಒಂದು ಚುಕ್ಕಿ ಅಳಿಸಿದರೆ ಕಸ ಮತ್ತೆ ಶುರು. ಉತ್ತರ ಸರಿಯೇ ಬರುವುದರಿಂದ ಮಾಮೂಲಿ ಟೆಸ್ಟ್‌ಗೆ ಇದು ಸಿಗುವುದಿಲ್ಲ. ಮುಖ್ಯ ಹೆಜ್ಜೆಯ ಫಂಕ್ಷನ್ ಅನ್ನು ಒಮ್ಮೆ ಓಡಿಸಿ, ಎರಡನೇ ಸಲ @ಅಲೊಕೇಟೆಡ್ ಸೊನ್ನೆ ಕೊಡುತ್ತದೆಯೇ ಎಂದು @ಟೆಸ್ಟ್ ಹಾಕಿ. ಈ ಅಳತೆಯನ್ನು ಒಂದು ಪುಟ್ಟ ಫಂಕ್ಷನ್ ಒಳಗೇ ಇಡಿ, ಗ್ಲೋಬಲ್‌ನಲ್ಲಿ ಇಟ್ಟರೆ ಸೊನ್ನೆ ಬಾರದೆ ಸುಮ್ನೆ ತಲೆ ಕೆಡುತ್ತದೆ. @ಥ್ರೆಡ್ಸ್ ಬಳಸಿದ ಫಂಕ್ಷನ್‌ನಲ್ಲಿ ಟಾಸ್ಕ್‌ಗಳಿಗೇ ಸ್ವಲ್ಪ ಮೆಮೊರಿ ಹೋಗುತ್ತದೆ, ಅಲ್ಲಿ ಸೊನ್ನೆ ಬದಲು ಒಂದು ಮೇಲ್ಮಿತಿ ಇಡಿ.

ಇನ್ನೂ ಗಟ್ಟಿ ಭರವಸೆ ಬೇಕಾದರೆ ಅಲಾಕ್‌ಚೆಕ್ ಪ್ಯಾಕೇಜ್ ಇದೆ. ಫಂಕ್ಷನ್ ಮುಂದೆ @ಚೆಕ್_ಅಲಾಕ್ಸ್ ಹಾಕಿದರೆ, ಅದು ಓಡುವ ಮೊದಲೇ ಕಂಪೈಲ್ ಆದ ಕೋಡನ್ನು ಜಾಲಾಡಿ, ಎಲ್ಲಾದರೂ ಮೆಮೊರಿ ಕೇಳುವ ಸಾಧ್ಯತೆ ಇದ್ದರೆ ಎರರ್ ಕೊಡುತ್ತದೆ, ಯಾವ ಸಾಲು ಎಂದೂ ಹೇಳುತ್ತದೆ. ಎರರ್ ಎಸೆಯುವ ದಾರಿಯಲ್ಲಿ ಹುಟ್ಟುವ ವಸ್ತುಗಳನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಆರ್ಗ್ಯುಮೆಂಟ್ ಪರೀಕ್ಷೆಯ ಸಾಲುಗಳನ್ನು ತೆಗೆಯಬೇಕಿಲ್ಲ.